‘ನಿಸ್ಸಂತತಿ’ ಎಂಬ ಒಂದು ಮಾತು

ಈಚಿನ ವರ್ಷಗಳಲ್ಲಿ ನಮ್ಮ ಕರಾವಳಿಯ ಕಡೆ ಒಂದು ಬಗೆಯ ಪುಸ್ತಕ ಹೇರಳವಾಗಿ ಅಚ್ಚಾಗುತ್ತಿದೆ. ಅದು ಅಂಗಡಿಗಳಲ್ಲಿ ಸಿಕ್ಕುವುದಿಲ್ಲ. ವಿಮರ್ಶೆಗೆಂದು ಪತ್ರಿಕೆಗಳಿಗೂ ಬರುವುದಿಲ್ಲ. ನಾಗಬನದ ಪ್ರತಿಷ್ಠೆಗೋ, ಧರ್ಮದೈವದ ನೇಮಕ್ಕೋ ನೆರೆದ ಬಂಧುಗಳಿಗೆ ಪ್ರಸಾದದೊಂದಿಗೆ ಹಂಚುವ ಪುಸ್ತಕ ಅದು. ರಟ್ಟಿನ ಮೇಲೆ ತರವಾಡು ಮನೆಯ ಚಿತ್ರ, ಒಳಗೆ ಹಿರಿಯರ ಭಾವಚಿತ್ರಗಳು, ನಡುವೆ ನಾಲ್ಕು ಮಡಿಕೆಯ ಉದ್ದನೆಯ ಹಾಳೆಯಲ್ಲಿ ವಂಶವೃಕ್ಷ. ಇದನ್ನು ಯಾರೂ ಸಾಹಿತ್ಯವೆಂದು ಎಣಿಸುವುದಿಲ್ಲ. ಆದರೆ ಒಳ್ಳೆಯ ಕಾದಂಬರಿಯನ್ನು ಅರ್ಧಕ್ಕೆ ಮುಚ್ಚಿಡುವ ಮನೆಗಳಲ್ಲಿ ಕೂಡ ಈ ಪುಸ್ತಕವನ್ನು ಕನ್ನಡಕ ಹಾಕಿಕೊಂಡು, ತಮ್ಮ ಹೆಸರಿರುವ ಪುಟವನ್ನಾದರೂ, ಎರಡೆರಡು ಸಲ ಓದುತ್ತಾರೆ. ಅಷ್ಟು ಓದುಗರಿರುವ ಪ್ರಕಾರವೊಂದನ್ನು ವಿಮರ್ಶಕನಾದವನು ಕಡೆಗಣಿಸುವುದು ಸರಿಯಲ್ಲವೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಆದರೂ ಈ ಲೇಖನವನ್ನು ಬರೆಯುವಂತೆ ಮಾಡಿದ್ದು ಆ ಸದ್ಬುದ್ಧಿಯಲ್ಲ. ನಮ್ಮದೇ ಕುಟುಂಬದ ಪುಸ್ತಕದಲ್ಲಿ ಅಚ್ಚಾದ ಒಂದು ಮಾತು.

ಆ ಪುಸ್ತಕ ಹುಟ್ಟಿದ್ದು 2020ರಲ್ಲಿ. ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡ ಮೇಲೆ ಮುಂಬಯಿಯಲ್ಲಿದ್ದ ನಮ್ಮ ಕಡೆಯವರು ಎರಡು ತಿಂಗಳು ಅಲ್ಲಿಯೇ ಸಿಕ್ಕಿಬಿದ್ದು, ಮೇ ತಿಂಗಳಲ್ಲಿ ಸಾವಿರಗಟ್ಟಲೆಯಾಗಿ ಊರಿಗೆ ಮರಳಿದ್ದು ವಾಚಕರಿಗೆ ನೆನಪಿರಬಹುದು. ಊರು ಅವರನ್ನು ನೇರವಾಗಿ ಮನೆಗೆ ಬಿಟ್ಟುಕೊಳ್ಳಲಿಲ್ಲ. ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಇಳಿಸಿತು. ನನ್ನ ಸೋದರಮಾವನವರೂ ಕಾಪುವಿನ ಬಳಿಯ ಒಂದು ಶಾಲೆಯಲ್ಲಿ, ತಮ್ಮ ಮೊಮ್ಮಕ್ಕಳಿಗೆ ತಕ್ಕ ಬೆಂಚುಗಳ ನಡುವೆ, ಕ್ವಾರಂಟೈನಿನ ದಿನಗಳನ್ನು ಕಳೆದರು. ಐವತ್ತು ವರ್ಷ ಹೋಟೆಲಿನ ಗಲ್ಲದ ಮೇಲೆ ಕುಳಿತಿದ್ದ ಮನುಷ್ಯ ಸುಮ್ಮನೆ ಕೂರಬಲ್ಲರೆ? ಮಕ್ಕಳ ನೋಟ್ ಪುಸ್ತಕವೊಂದನ್ನು ತರಿಸಿಕೊಂಡು ಕುಟುಂಬದ ಚರಿತ್ರೆ ಬರೆಯತೊಡಗಿದರು. ಸ್ವಂತ ಊರಿನ ಹೊಸ್ತಿಲಲ್ಲಿಯೇ ತಡೆಯಲ್ಪಟ್ಟವನು ತಾನು ಇಲ್ಲಿಯವನೇ ಎಂದು ರುಜುವಾತು ಮಾಡಲು ಹೊರಟ ಬರವಣಿಗೆ ಅದು. ಅದರ ಮೊದಲ ಪುಟಗಳಲ್ಲಿರುವ ಆರ್ತತೆ ಮುಂದಿನ ಭಾಗದಲ್ಲಿ ಇಲ್ಲ. ಮುಂದೆ ‘ಧೀಮಂತ’, ‘ಕೊಡುಗೈ ದಾನಿ’, ‘ಅಜಾತಶತ್ರು’ ಮೊದಲಾದ ವಿಶೇಷಣಗಳು ದಂಡೆತ್ತಿ ಬರುತ್ತವೆ. ನಮ್ಮ ಮನೆತನದಲ್ಲಿ ಇಷ್ಟೊಂದು ಜನ ಅಜಾತಶತ್ರುಗಳಿದ್ದರೆ ನ್ಯಾಯಾಲಯದಲ್ಲಿ ಅಷ್ಟೊಂದು ವ್ಯಾಜ್ಯಗಳು ಏಕೆ ನಡೆದವೋ ತಿಳಿಯದು.

ನಮ್ಮದು ಅಳಿಯಸಂತಾನದ ಕುಟುಂಬ. ಹೊರಗಿನ ವಾಚಕರಿಗಾಗಿ ಒಂದೆರಡು ಮಾತು ಹೇಳಬೇಕು. ಇಲ್ಲಿ ವಂಶ ಇಳಿಯುವುದು ಹೆಣ್ಣಿನಿಂದ. ವೃಕ್ಷದ ಬುಡದಲ್ಲಿರುವುದು ಒಬ್ಬ ತಾಯಿ. ಗಂಡಸಿನ ಹೆಸರಿನ ಕೆಳಗೆ ಗೆರೆ ಇಳಿಯುವುದಿಲ್ಲ. ನನ್ನ ಹೆಸರಿನ ಕೆಳಗೂ ಇಲ್ಲ. ನನ್ನ ಮಕ್ಕಳು ಈ ಪುಸ್ತಕದಲ್ಲಿ ಇಲ್ಲ, ಇರಬೇಕಾದ್ದೂ ಅಲ್ಲ. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಸಂತತಿ, ಇಷ್ಟು ಸೇರಿದರೆ ಒಂದು ‘ಕವರು’. ಹಿಂದೆ ಕುಟುಂಬದ ಆಸ್ತಿಯನ್ನು ಎಲ್ಲರೂ ಒಪ್ಪಿದರಲ್ಲದೆ ಪಾಲು ಮಾಡುವಂತಿರಲಿಲ್ಲ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಬಂದು ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಅದರ ಬೆನ್ನಿಗೆ 1954ರಲ್ಲಿ ನಮ್ಮ ಮನೆಯೂ ಕೋರ್ಟಿನ ಮೆಟ್ಟಲು ಹತ್ತಿತು. ಆಗ ವಾದಪತ್ರದ ಜೊತೆಗೆ ಹಾಜರುಪಡಿಸಿದ ವಂಶಾವಳಿಯನ್ನೇ ಸೋದರಮಾವ ತಮ್ಮ ಪುಸ್ತಕಕ್ಕೆ ಎತ್ತಿಕೊಂಡಿದ್ದರು. ಮೂವರು ಅಕ್ಕತಂಗಿಯರು, ಮೂರು ಕವರು. ಹಿರಿಯವಳು ನನ್ನ ಮುತ್ತಜ್ಜಿ. ಅವಳ ಕೆಳಗೆ ನಾವೆಲ್ಲರೂ. ಎರಡನೆಯವಳ ಕೆಳಗೆ ನಮ್ಮ ಎದುರು ಪಕ್ಷದವರು. ಕಿರಿಯವಳ ಕೆಳಗೆ ಒಂದೇ ಮಾತು: ‘ನಿಸ್ಸಂತತಿ’.

ಪುಸ್ತಕ ಕೈಸೇರಿದ ದಿನ ದೊಡ್ಡಮ್ಮನಿಗೆ ಫೋನು ಮಾಡಿ ಒಂದೊಂದೇ ಪುಟ ಓದಿ ಹೇಳುತ್ತಿದ್ದೆ. ಆಕೆಗೆ ಆಗ ಎಂಬತ್ತೈದು. ಕಣ್ಣು ಮಂಜು, ಕಿವಿ ಚುರುಕು. ಈ ಮಾತಿಗೆ ಬಂದಾಗ ತಡೆದರು.

“ನಿಸ್ಸಂತತಿಯಾ? ಹಾಗೆ ಬರೆದಿದ್ದಾನಾ ಅವನು? ಅವಳಿಗೆ ಒಂದು ಹೆಣ್ಣು ಉಂಟಲ್ಲ!”

‘ಇತ್ತು’ ಎನ್ನಲಿಲ್ಲ, ‘ಉಂಟು’ ಎಂದರು. ತಾನು ಏಳೆಂಟು ವರ್ಷದವಳಾಗಿದ್ದಾಗ ತಾಯಿಯೊಂದಿಗೆ ಕಾರ್ಕಳದ ಅತ್ತೂರಿನ ಜಾತ್ರೆಗೆ ಹೋಗಿದ್ದು, ಅಲ್ಲಿ ಒಬ್ಬ ಹೆಂಗಸು ತನ್ನ ಗಲ್ಲ ಹಿಡಿದು ನೋಡಿ ಕಡಲೆಬೆಲ್ಲ ಕೊಡಿಸಿದ್ದು, “ಇವಳು ನಿನಗೆ ಚಿಕ್ಕಮ್ಮ ಆಗಬೇಕು” ಎಂದು ತಾಯಿ ಹೇಳಿದ್ದು, ಮನೆಗೆ ಬಂದು ಯಾರ ಹತ್ತಿರವೂ ಹೇಳಬೇಡವೆಂದದ್ದು, ಎಲ್ಲವೂ ಆಕೆಗೆ ನೆನಪಿತ್ತು. ತಾಯಿ ಸತ್ತಾಗ ಆ ಹುಡುಗಿಗೆ ಆರು ವರ್ಷವಂತೆ. “ಜ್ವರ ಬಂದ ವರ್ಷ,” ಎಂದರು ದೊಡ್ಡಮ್ಮ. ಕಾರ್ಕಳದ ಕಡೆಯ ತಂದೆ ಬಂದು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದನಂತೆ.

ಜ್ವರ ಬಂದ ವರ್ಷವೆಂದರೆ 1918. ಆ ವರ್ಷದ ಜೂನಿನಲ್ಲಿ ಮುಂಬಯಿ ಬಂದರಿನ ಮೂಲಕ ಇನ್‌ಫ್ಲುಯೆಂಜಾ ನಮ್ಮ ದೇಶಕ್ಕೆ ಕಾಲಿಟ್ಟು, ಮಳೆಗಾಲ ಕಳೆಯುವ ಹೊತ್ತಿಗೆ ಎರಡನೆಯ ಸಲ ಉಗ್ರವಾಗಿ ಎದ್ದಿತು. ಸತ್ತವರನ್ನು 1 ಕೋಟಿ 20 ಲಕ್ಷದಿಂದ 2 ಕೋಟಿಯವರೆಗೆ ಅಂದಾಜು ಮಾಡುತ್ತಾರೆ. 1901ರಿಂದ ಈಚೆಗೆ ಭಾರತದ ಜನಸಂಖ್ಯೆ ಏರುವ ಬದಲು ಇಳಿದ ದಶಕ ಒಂದೇ. ಅದು 1911ರಿಂದ 1921. ಈ ಅಂಕಿಗಳು ನನಗೆ ಮೊದಲೇ ತಿಳಿದಿದ್ದವು. ಆದರೆ ಅವು ನಮ್ಮ ಮನೆಯ ಅಂಗಳಕ್ಕೆ ಬಂದಿದ್ದವೆಂದು ತಿಳಿದಿರಲಿಲ್ಲ.

ಆ ಚಳಿಗಾಲದಲ್ಲಿ, ಮೊದಲ ಅಲೆ ಇಳಿದು ಎರಡನೆಯದು ಇನ್ನೂ ಏಳದಿದ್ದ ನಾಲ್ಕು ತಿಂಗಳಲ್ಲಿ, ನಾನು ದಾಖಲೆ ಹುಡುಕಲು ಹೊರಟೆ. ಮಣಿಪಾಲದಲ್ಲಿ ನನ್ನ ವಾಸ. ವಿದ್ಯಾರ್ಥಿಗಳಿಲ್ಲದ ಆ ಊರು ರಜೆಯ ಶಾಲೆಯಂತೆ ಕಾಣುತ್ತಿತ್ತು. ಇಳಿಜಾರಿನಲ್ಲಿ ಇಳಿದರೆ ಉಡುಪಿ. ಎಂ.ಜಿ.ಎಂ. ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರವೆಂದರೆ ನಮ್ಮ ಕಡೆ ಹಳೆಯದನ್ನು ಹುಡುಕುವವರೆಲ್ಲ ಮೊದಲು ನೆನೆಯುವ ಹೆಸರು. ಆರು ಸಂಪುಟಗಳ ತುಳು ನಿಘಂಟು ಸಿದ್ಧವಾದದ್ದು ಅಲ್ಲಿಯೇ. ಗಣಪತಿರಾವ್ ಐಗಳ ದಕ್ಷಿಣ ಕನ್ನಡದ ಪ್ರಾಚೀನ ಇತಿಹಾಸವನ್ನೂ, ಕಾಪುವಿನ ಹತ್ತಿರದ ಪಾದೂರಿನವರೇ ಆದ ಗುರುರಾಜ ಭಟ್ಟರ 1975ರ ದೊಡ್ಡ ಗ್ರಂಥವನ್ನೂ ಈ ನೆವದಲ್ಲಿ ಮತ್ತೆ ತಿರುವಿ ಹಾಕಿದೆ. ಐಗಳ ಪುಸ್ತಕ ಅಚ್ಚಾದದ್ದು 1923ರಲ್ಲಿ, ಜ್ವರದ ವರ್ಷಕ್ಕೆ ಐದೇ ವರ್ಷ ಈಚೆ. ಆದರೆ ಹೆಸರೇ ಹೇಳುವಂತೆ ಅದು ಪ್ರಾಚೀನ ಇತಿಹಾಸ. ಅರಸರ ಕಥೆಯಲ್ಲಿ ಒಕ್ಕಲಿನ ಮನೆಯ ಜ್ವರವನ್ನು ಹುಡುಕುವುದು ಹುಡುಕಿದವನದೇ ತಪ್ಪು. ನನಗೆ ಬೇಕಾದದ್ದು ಪಂಡಿತರು ಬರೆದ ಪುಸ್ತಕವಲ್ಲ, ಪಟೇಲರು ಬರೆದ ಪುಸ್ತಕ.

ಅದು ಒಂದು ಸರಕಾರಿ ಕಚೇರಿಯ ಹಿಂಬದಿಯ ಕೋಣೆಯಲ್ಲಿತ್ತು. ಯಾವ ಕಚೇರಿಯೆಂದು ಹೇಳುವುದರಿಂದ ಪ್ರಯೋಜನವಿಲ್ಲ. ಮೂರು ಸಲ ತಿರುಗಿಸಿ ಕಳುಹಿಸಿದರು. ಮೊದಲ ಸಲ ಸಿಬ್ಬಂದಿಯೊಬ್ಬರಿಗೆ ಸೋಂಕು, ಎರಡನೆಯ ಸಲ ಸಾಹೇಬರಿಲ್ಲ, ಮೂರನೆಯ ಸಲ, “ನೂರು ವರ್ಷದ ಹಿಂದೆ ಸತ್ತವರ ವಿಷಯಕ್ಕೆ ಈ ಹೊತ್ತಿನಲ್ಲಿ ಬರುವುದಾ ನೀವು?” ನ್ಯಾಯವಾದ ಪ್ರಶ್ನೆಯೇ. ಆ ಹೊತ್ತಿನಲ್ಲಿ ಸತ್ತವರನ್ನು ಬರೆದುಕೊಳ್ಳುವುದೇ ಅವರಿಗೆ ಸಾಕಾಗಿತ್ತು. ನಾಲ್ಕನೆಯ ಸಲ ಹಣೆಗೆ ಯಂತ್ರ ಹಿಡಿದು, ಕೈಗೆ ದ್ರಾವಣ ಸುರಿದು, ಒಂದು ಗಂಟೆಯ ಅವಧಿ ಕೊಟ್ಟರು. ಅದನ್ನು ತಂದುಕೊಟ್ಟ ಹಿರಿಯ ಗುಮಾಸ್ತರು ಕಿಟಕಿಯ ಆಚೆ ನಿಂತು ಆಗಾಗ ಇಣುಕುತ್ತಿದ್ದರು. ಕೈಗೆ ಗೌಸು, ಮೂಗಿಗೆ ಮುಸುಕು. ಗೌಸು ತೊಟ್ಟ ಬೆರಳಿಗೆ ಹಳೆಯ ಹಾಳೆ ಸಿಕ್ಕದು, ಉಸಿರಿನ ಹಬೆಗೆ ಕನ್ನಡಕ ಮಂಜಾಗುವುದು. ರೋಗಕ್ಕೆ ಹೆದರಿ ಮುಖ ಮುಚ್ಚಿಕೊಂಡ ಒಬ್ಬನು ಇನ್ನೊಂದು ರೋಗದ ಲೆಕ್ಕವನ್ನು ಓದುತ್ತಿದ್ದನೆಂಬುದು ಆಗ ಹೊಳೆಯಲಿಲ್ಲ. ಮಂಜು ಒರಸಿಕೊಳ್ಳುವುದರಲ್ಲಿಯೇ ಅರ್ಧ ಗಂಟೆ ಹೋಯಿತು.

1918ರ ಅಕ್ಟೋಬರಿನ ಪುಟ. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಒಂದೊಂದು ಪುಟದ ಅರ್ಧ ಖಾಲಿಯಿತ್ತು. ಈ ತಿಂಗಳಲ್ಲಿ ಗೆರೆಗಳ ನಡುವೆ ಗೆರೆ ತುರುಕಿದ್ದರು. ನಮ್ಮ ಮನೆಯ ಹೆಸರು ಸಿಕ್ಕಿತು. ಹೆಂಗಸಿನ ಹೆಸರು, ಅದರ ಮುಂದೆ ಆ ಕಾಲದ ಪದ್ಧತಿಯಂತೆ ‘ಹೆಂಗ್ಸು’, ವಯಸ್ಸು 28. ಕಾರಣದ ಕಾಲಮಿನಲ್ಲಿ ‘ಜ್ವರ’. ಕೆಳಗೆ ಹನ್ನೊಂದು ದಿನಗಳೊಳಗೆ ಮೂವರು ಗಂಡುಮಕ್ಕಳು. ವಯಸ್ಸು 9, 4, 1. ಮೂವರ ಎದುರಿಗೂ ‘ಸದರಿ’, ‘ಸದರಿ’, ‘ಸದರಿ’.

ಇನ್‌ಫ್ಲುಯೆಂಜಾ ಎಂಬ ಮಾತು ಆ ಪುಟದಲ್ಲೆಲ್ಲೂ ಇಲ್ಲ. ದೇಶದಾದ್ಯಂತ ಆ ಸಾವುಗಳು ಬಹುಮಟ್ಟಿಗೆ ‘ಜ್ವರ’ದ ಲೆಕ್ಕಕ್ಕೇ ಹೋದವು, ಪಟೇಲನಿಗೆ ಗೊತ್ತಿದ್ದದ್ದು ಕಾಲರಾ, ಸಿಡುಬು, ಪ್ಲೇಗು, ಮಿಕ್ಕದ್ದೆಲ್ಲ ಜ್ವರ. ಆದರೆ ಆ ಬರಹಗಾರನ ಕೈಯನ್ನು ನಾನು ಮೆಚ್ಚುತ್ತೇನೆ. ವಿಶೇಷಣವಿಲ್ಲ, ಸಂತಾಪವಿಲ್ಲ, ಮೂರನೆಯ ‘ಸದರಿ’ ಬರುವ ಹೊತ್ತಿಗೆ ಅಕ್ಷರ ಸ್ವಲ್ಪ ವಾಲಿದೆ, ಅಷ್ಟೆ. ಸೋದರಮಾವನವರ ನೂರಿಪ್ಪತ್ತು ಪುಟಗಳಲ್ಲಿ ಇಂಥ ಒಂದು ಸಾಲು ಇಲ್ಲ.

ಆರು ವರ್ಷದ ಹುಡುಗಿ ಆ ಪುಟದಲ್ಲಿ ಇರಲಿಲ್ಲ. ಮುಂದಿನ ಮಾರ್ಚಿನವರೆಗೆ ತಿರುವಿದೆ, ಇರಲಿಲ್ಲ. ಸತ್ತವರ ಪುಸ್ತಕದಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಬದುಕಿದ್ದಳೆಂದು ಸಾಧಿಸಿದಂತಾಗುವುದಿಲ್ಲ. ಇದು ವಕೀಲರ ಮಾತು, ಒಪ್ಪಲೇಬೇಕು. ಆದರೆ ಜಾತ್ರೆಯ ಕಡಲೆಬೆಲ್ಲವನ್ನು ಸತ್ತವರು ಕೊಡಿಸುವುದಿಲ್ಲವಷ್ಟೆ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಹೇಳದೆ ವಿಧಿಯಿಲ್ಲ. 1949ರ ಕಾಯಿದೆಯ ಪ್ರಕಾರ ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇರುವ ಕವರು ‘ಸಂತತಿ ಕವರು’; ಇಲ್ಲದ್ದು ‘ನಿಸ್ಸಂತತಿ ಕವರು’. ತಂದೆಯ ಮನೆಯಲ್ಲಿ ಬೆಳೆದಳೆಂದು ಮಗಳು ತಾಯಿಯ ಕವರಿನಿಂದ ಬಿದ್ದುಹೋಗುವುದಿಲ್ಲ. 1954ರಲ್ಲಿ ಆ ಹುಡುಗಿಗೆ ನಲವತ್ತೆರಡು ವರ್ಷ. ಎಂದರೆ, ಅವಳು ಒಬ್ಬಳೇ ಇದ್ದರೂ ಅವಳದು ಸಂತತಿ ಕವರು, ಪಾಲಿಗೆ ಹಕ್ಕುಳ್ಳದ್ದು. ಮೂರು ಪಾಲಾಗಬೇಕಾದದ್ದು ಎರಡೇ ಪಾಲಾಯಿತು. ಆ ವಂಶಾವಳಿಯ ವಿಚಾರದಲ್ಲಿ ಮಾತ್ರ ವಾದಿ ಪ್ರತಿವಾದಿಗಳಿಬ್ಬರೂ ಏಕಾಭಿಪ್ರಾಯದಿಂದಿದ್ದರು. ವ್ಯಾಜ್ಯದ ಕಾಗದದಲ್ಲಿ ಎರಡು ಪಕ್ಷಗಳೂ ಒಂದಾಗಿ ಒಪ್ಪಿದ ಸಂಗತಿಯನ್ನು ನಾವು ಸಾಮಾನ್ಯವಾಗಿ ನಿಜವೆಂದು ನಂಬುತ್ತೇವೆ. ಇನ್ನು ಮುಂದೆ ನಾನು ನಂಬಲಾರೆ. ನನ್ನನ್ನು ಕಾಲೇಜಿಗೆ ಕಳುಹಿಸಿದ್ದು ಆ ಎರಡು ಪಾಲಿನಲ್ಲಿ ಒಂದರ ಅಡಿಕೆ ತೆಂಗು.

ಹೀಗೆ ನೋಡಿದಾಗ ‘ನಿಸ್ಸಂತತಿ’ ಎಂಬುದು ಸಂಗತಿಯಲ್ಲ, ಕಥನ. ಯಾರೋ ಒಬ್ಬರು ಕುಳಿತು, ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು, ಫಲವನ್ನು ಎಣಿಸಿ, ಬರೆದದ್ದು. ಆ ಅರ್ಥದಲ್ಲಿ ವಂಶಾವಳಿ ಪೂರ್ತಿ ಸಾಹಿತ್ಯವೇ. ಸಾಹಿತ್ಯವೆಂದ ಮೇಲೆ ಅದನ್ನು ಸಾಹಿತ್ಯದ ಜೊತೆಗಿಟ್ಟು ತೂಗಬಹುದು.

ಕಾರಂತರ ‘ಮರಳಿ ಮಣ್ಣಿಗೆ’ಯನ್ನು ತೆಗೆದುಕೊಳ್ಳೋಣ. ಮೂರು ತಲೆಮಾರುಗಳ ಕಥೆ, ನಮ್ಮ ಕರಾವಳಿಯದೇ. ರಾಮ ಐತಾಳರ ಮನೆತನದ ವಂಶವೃಕ್ಷವನ್ನು ಬರೆಯಲು ಹೊರಟರೆ ಅವರ ತಂಗಿ ಸರಸೋತಿಗೆ ಎಲ್ಲಿ ಜಾಗ? ಅವಳು ಮಕ್ಕಳಿಲ್ಲದ ವಿಧವೆ. ಮೊದಲ ಹೆಂಡತಿ ಪಾರೋತಿಗೂ ಮಕ್ಕಳಿಲ್ಲ. ಗುಮಾಸ್ತ ಇಬ್ಬರ ಮುಂದೆಯೂ ಒಂದೇ ಮಾತು ಬರೆದು ಮುಗಿಸುತ್ತಿದ್ದ. ಕಾದಂಬರಿಯಲ್ಲಿಯಾದರೋ ಮನೆಯನ್ನು ಹೊತ್ತವರು ಆ ಇಬ್ಬರೇ. ಕಾರಂತರು ಬೇಕೆಂದು ಈ ವ್ಯತ್ಯಾಸವನ್ನು ಸಾಧಿಸಿದರೋ, ಕಡಲ ಕರೆಯ ಮನೆಗಳನ್ನು ಕಣ್ಣಿಟ್ಟು ನೋಡಿದವನಿಗೆ ಬೇರೆ ಬಗೆಯಲ್ಲಿ ಬರೆಯಲಾಗದೆಂದು ಬರೆದರೋ, ನನಗೆ ಎರಡೂ ಒಂದೇ.

ಭೈರಪ್ಪನವರ ‘ವಂಶವೃಕ್ಷ’ (1965) ನನ್ನ ಪ್ರಸಂಗಕ್ಕೆ ಇನ್ನೂ ಹತ್ತಿರ. ಶ್ರೀನಿವಾಸ ಶ್ರೋತ್ರಿಗಳು ಮನೆಯ ಹಳೆಯ ಕಾಗದಗಳ ಮೂಲಕವೇ ತಮ್ಮ ಹುಟ್ಟಿನ ನಿಜವನ್ನು ಅರಿಯುತ್ತಾರೆ. ತಾವು ಯಾವ ವಂಶಕ್ಕಾಗಿ ಬದುಕನ್ನು ತೇದರೋ ಆ ವಂಶದವರೇ ತಾವಲ್ಲವೆಂದು. ಈ ಭಾಗವನ್ನು ಹಿಂದೆ ಓದಿದಾಗ ಕಾಗದ ಸಿಕ್ಕುವುದು ತೀರ ಅನುಕೂಲಕ್ಕೆ ತಕ್ಕಂತೆ ಆಯಿತಲ್ಲ ಎಂದು ಆಕ್ಷೇಪಿಸಿದವರಲ್ಲಿ ನಾನೂ ಒಬ್ಬ. ಆಕ್ಷೇಪವನ್ನು ಈಗ ಹಿಂತೆಗೆದುಕೊಳ್ಳುತ್ತೇನೆ. ಕಾಗದ ಎಲ್ಲ ಮನೆಯಲ್ಲಿಯೂ ಇರುತ್ತದೆ. ಕಟ್ಟು ಬಿಚ್ಚುವವರು ಇರುವುದಿಲ್ಲ.

ಇನ್ನು ರೋಗದ ವಿಷಯ. ಕನ್ನಡ ಕಾದಂಬರಿಯಲ್ಲಿ ಪ್ಲೇಗಿಗೆ ಗೌರವದ ಸ್ಥಾನವಿದೆ. ನಾನು ಓದಿದ ಮಟ್ಟಿಗೆ ಅದರಲ್ಲಿ ಒಂದು ಪಾಲೂ ಇನ್‌ಫ್ಲುಯೆಂಜಾಕ್ಕೆ ಸಿಕ್ಕಿಲ್ಲ. ಪ್ಲೇಗು ವರ್ಷ ವರ್ಷವೂ ಬಂದು, ಇಲಿ ಬೀಳಿಸಿ, ಜನರನ್ನು ಊರು ಬಿಡಿಸಿ, ಬಯಲಲ್ಲಿ ಗುಡಿಸಲು ಹಾಕಿಸಿ, ಕಥೆಗೆ ಬೇಕಾದ ಹಿನ್ನೆಲೆಯನ್ನೆಲ್ಲ ಒದಗಿಸಿತು. ಜ್ವರವೋ ಒಂದೇ ತಿಂಗಳಲ್ಲಿ ಬಂದು ಹೋಯಿತು. ಆದರೆ ಪ್ಲೇಗಿನ ಕಾದಂಬರಿಗಳಲ್ಲಿಯೂ ಭೇದವುಂಟು. ‘ಸಂಸ್ಕಾರ’ದಲ್ಲಿ (1965) ಪ್ಲೇಗು ಪ್ರಾಣೇಶಾಚಾರ್ಯರ ಧರ್ಮಸಂಕಟಕ್ಕೆ ದೀವಟಿಗೆ ಹಿಡಿಯಲು ಬರುತ್ತದೆ. ದೀವಟಿಗೆಯ ಬೆಳಕು ಪ್ರಖರವಾದದ್ದೇ. ಆದರೆ ಅಗ್ರಹಾರದಲ್ಲಿ ಸಾಯುತ್ತಿರುವವರ ಮುಖಗಳು ಅದರಲ್ಲಿ ಚೆನ್ನಾಗಿ ಕಾಣುವುದಿಲ್ಲ. ಕಾದಂಬರಿಯ ಮಾತಿನ ಬಿಗಿಗೆ ಮಾರುಹೋದ ನಾನು ಈ ಕೊರತೆಯನ್ನು ಗಮನಿಸಿದ್ದು 2020ರಲ್ಲಿ ಮತ್ತೆ ಓದಿದಾಗ. ‘ಗೃಹಭಂಗ’ದ (1970) ನಂಜಮ್ಮನ ಮನೆಗೆ ಬರುವ ಪ್ಲೇಗು ಯಾವುದರ ಸಂಕೇತವೂ ಅಲ್ಲ. ಬೆಳೆದ ಮಗಳನ್ನೂ ಮಗನನ್ನೂ ಅದು ಒಯ್ಯುತ್ತದೆ. ಓದುಗ ಪುಸ್ತಕ ಕೆಳಗಿಡುತ್ತಾನೆ. ಲೇಖಕರ ಸ್ವಂತ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗು ಒಯ್ದಿತ್ತೆಂಬುದು ಇಲ್ಲಿ ಅಪ್ರಸ್ತುತವಲ್ಲ. ಅದಕ್ಕಿಂತಲೂ ನನ್ನನ್ನು ಈಗ ಕಾಡುವ ಸಂಗತಿ ಇನ್ನೊಂದು: ನಿಷ್ಪ್ರಯೋಜಕ ಗಂಡನಿಗೆ ಬದಲಾಗಿ ಶ್ಯಾನುಭೋಗಿಕೆಯ ಲೆಕ್ಕಪುಸ್ತಕಗಳನ್ನು ಬರೆಯುತ್ತಿದ್ದವಳು ಆ ನಂಜಮ್ಮನೇ. ಊರಿನ ಲೆಕ್ಕ ಬರೆಯುವ ಕೈ, ಮಕ್ಕಳನ್ನು ಕಳೆದುಕೊಂಡ ಕೈ, ಒಂದೇ. ನಮ್ಮ ಪಟೇಲನ ‘ಸದರಿ’ಯ ಹಿಂದೆ ಎಂಥ ಕೈಯಿತ್ತೋ ಎಂದು ಯೋಚಿಸುವಂತೆ ಮಾಡಿದ್ದು ಈ ಕಾದಂಬರಿ.

ಜನಪದದಲ್ಲಿ ನೆನಪಿಲ್ಲವೆ ಎಂದರೆ, ಉಂಟು. ಕಾಪುವಿನಲ್ಲಿ ಮೂರು ಮಾರಿಗುಡಿಗಳು. ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಮಾರಿಪೂಜೆ. ಆಟಿ ತಿಂಗಳಲ್ಲಿ ಮನೆ ಮನೆಗೆ ಬರುವ ಕಳೆಂಜ ಊರಿನ ಮಾರಿಯನ್ನು ಕಳೆಯಲು ಬರುವವನು. ರೋಗದ ನೆನಪನ್ನು ನಮ್ಮವರು ಕಾಪಾಡಿದ್ದಾರೆ. ಆದರೆ ಆ ನೆನಪಿನಲ್ಲಿ ಸತ್ತವರಿಗೆ ಹೆಸರಿಲ್ಲ.

ಹೆಸರು ನೋಡಬೇಕಾದರೆ ಕಾರ್ಕಳಕ್ಕೆ ಹೋಗಬೇಕು. ಆ ಹುಡುಗಿಯ ತಂದೆಯ ಮನೆಯನ್ನು ಹುಡುಕಿಕೊಂಡು ನಾನು ಅಲ್ಲಿಗೆ ಹೋದದ್ದು 2021ರ ಜನವರಿಯಲ್ಲಿ. ಮನೆಯಿದ್ದ ಜಾಗದಲ್ಲಿ ರಬ್ಬರ್ ತೋಟವಿತ್ತು. ಕೇಳಿದವರಿಗೆ ಏನೂ ತಿಳಿಯದು. ಹಿಂತಿರುಗುವ ಬಸ್ಸಿಗೆ ಹೊತ್ತಿದ್ದುದರಿಂದ ಚತುರ್ಮುಖ ಬಸದಿಯ ಮೆಟ್ಟಲು ಹತ್ತಿ ಕುಳಿತೆ. ಎದುರು ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ, ಸುಮಾರು 42 ಅಡಿಯ ಗೊಮ್ಮಟ. ಬಸದಿ 1586ರದು, ಇಮ್ಮಡಿ ಭೈರವನು ಕಟ್ಟಿಸಿದ್ದು. ಅವನೂ ನಮ್ಮಂತೆಯೇ ಅಳಿಯ. ಹಿಂದಿನ ಭೈರವರಾಜನ ಸೋದರಿಯ ಮಗನೆಂದು ಇಲ್ಲಿಯ ಶಾಸನ ಹೇಳುತ್ತದೆ. ಸೋದರಿ ಎಂದಷ್ಟೇ ಹೇಳಿ ಬಿಡುವುದಿಲ್ಲ. ಗುಮ್ಮಟಾಂಬೆ ಎಂದು ಹೆಸರಿಸುತ್ತದೆ. ಅರಸನ ತಾಯಿ, ನಿಜ. ಹೆಸರು ಉಳಿಯಲು ಅರಸನ ತಾಯಿಯಾಗಬೇಕಾಯಿತು ಎನ್ನಬಹುದು. ಆದರೂ ಅಳಿಯಸಂತಾನದಲ್ಲಿ ಹಕ್ಕು ಹೇಳುವವನು ಮೊದಲು ಒಬ್ಬ ಹೆಂಗಸಿನ ಹೆಸರು ಹೇಳಲೇಬೇಕು. ನಮ್ಮ 1954ರ ಹಿರಿಯರು ಆ ಕಟ್ಟಳೆಯನ್ನು ಚೆನ್ನಾಗಿ ತಿಳಿದಿದ್ದರು. ತಿಳಿದಿದ್ದರಿಂದಲೇ ಒಂದು ಹೆಸರನ್ನು ಹೇಳಲಿಲ್ಲ.

ಇದನ್ನೆಲ್ಲ ಬರೆದು ಸೋದರಮಾವನವರಿಗೆ ತೋರಿಸಿದೆ. ಓದಿ ಬಹಳ ಹೊತ್ತು ಸುಮ್ಮನಿದ್ದರು.

“ಅದೆಲ್ಲ ಈಗ ಎಂತಕ್ಕೆ ಮಾರಾಯ? ಕೋರ್ಟಿನಲ್ಲಿ ತೀರ್ಮಾನ ಆದದ್ದು.”

“ಭೂಮಿಯ ಮಾತಲ್ಲ ಮಾವ, ಪುಸ್ತಕದ ಮಾತು.”

“ಪುಸ್ತಕದಲ್ಲಿ ಬಂದರೆ ಭೂಮಿಯ ಮಾತೂ ಬರ್ತದೆ.”

ಅವರು ಕೆಟ್ಟವರಲ್ಲ. 1954ರಲ್ಲಿ ಚಡ್ಡಿ ಹಾಕುತ್ತಿದ್ದ ಹುಡುಗ. ಹಿರಿಯರು ಕೊಟ್ಟ ಕಾಗದವನ್ನು ನಂಬಿ ನಕಲು ಮಾಡಿದವರು. ಕ್ವಾರಂಟೈನಿನಲ್ಲಿ ಕುಳಿತು ಬರೆದ ಆ ಮೊದಲ ಪುಟಗಳನ್ನು ನೆನಪಿಸಿದೆ: ಮನೆಯವನನ್ನು ಮನೆಯ ಹೊರಗೆ ನಿಲ್ಲಿಸುವುದೆಂದರೆ ಏನೆಂದು ಬರೆದವರು ನೀವೇ ಅಲ್ಲವೆ ಎಂದೆ. ಉತ್ತರ ಕೊಡಲಿಲ್ಲ. ಕಾಫಿ ತರಿಸಿದರು.

ಎರಡನೆಯ ಅಲೆ ಎದ್ದದ್ದು ಏಪ್ರಿಲಿನಲ್ಲಿ. ಮೇ ತಿಂಗಳಲ್ಲಿ ದೊಡ್ಡಮ್ಮ ತೀರಿಕೊಂಡರು. ಆಸ್ಪತ್ರೆಗೆ ಸೇರಿಸಿದ ಏಳನೆಯ ದಿನ; ನಾವು ಯಾರೂ ಹತ್ತಿರ ಇರಲಿಲ್ಲ. ಕೆಲವು ವಾರಗಳಾದ ಮೇಲೆ ಮರಣಪತ್ರ ಬಂತು. ಹೆಸರು, ದಿನಾಂಕ, ಸ್ಥಳ, ತಂದೆತಾಯಿಯ ಹೆಸರು, ಎಲ್ಲ ಇತ್ತು, ಕಾರಣ ಇರಲಿಲ್ಲ. ವಿಚಾರಿಸಿದಾಗ ತಿಳಿಯಿತು: ನಕಲಿನಲ್ಲಿ ಸಾವಿನ ಕಾರಣವನ್ನು ಹೊರಗೆಡಹಕೂಡದೆಂದು 1969ರ ಜನನ ಮರಣ ನೋಂದಣಿ ಕಾಯಿದೆಯ 17ನೆಯ ಕಲಮೇ ಹೇಳಿತ್ತು. ಸತ್ತವರ ಮಾನ ಕಾಯಲು ಮಾಡಿದ ನಿಯಮವಿರಬೇಕು. ಪರಿಹಾರದ ಪ್ರಶ್ನೆ ಬಂದಾಗ ಎಷ್ಟೋ ಮನೆಗಳವರು ಇದರಿಂದ ಕಷ್ಟಪಟ್ಟರು. ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ ಕೋವಿಡ್ ಸಾವಿಗೆ ಬೇರೆ ದಾಖಲೆ ಕೊಡುವ ಏರ್ಪಾಡಾಯಿತು. ಮುಂದೆ ನೂರು ವರ್ಷ ಕಳೆದು ಯಾರಾದರೂ ನಮ್ಮ ಮನೆಯ ಕಾಗದದ ಕಟ್ಟು ಬಿಚ್ಚಿದರೆ ಅವರಿಗೆ ‘ಜ್ವರ’ ಎಂಬ ಮಾತೂ ಸಿಕ್ಕದು.

ಆ ಚಿಕ್ಕಮ್ಮನ ಹೆಸರನ್ನು ದೊಡ್ಡಮ್ಮ ನನಗೆ ಹೇಳಿದ್ದರು. ಇಲ್ಲಿ ಬರೆಯುವುದಿಲ್ಲ. ಅವಳಿಗೆ ಮಕ್ಕಳು ಮೊಮ್ಮಕ್ಕಳು ಇದ್ದರೆ ಆ ಹೆಸರು ಅವರದು. ಮೊದಲು ಅವರನ್ನು ಕೇಳಬೇಕು. ಹುಡುಕುತ್ತಿದ್ದೇನೆ.

ಕಳೆದ ವರ್ಷ ನೇಮದ ಹೊತ್ತಿಗೆ ಸೋದರಮಾವನವರ ಪುಸ್ತಕದ ಎರಡನೆಯ ಮುದ್ರಣ ಬಂತು. ದೊಡ್ಡಮ್ಮನ ಭಾವಚಿತ್ರ ಸೇರಿದೆ, ಕೆಳಗೆ ‘ವಾತ್ಸಲ್ಯಮಯಿ’ ಎಂದಿದೆ. ಈ ವಿಶೇಷಣವನ್ನು ನಾನು ಆಕ್ಷೇಪಿಸಲಾರೆ. ಮಡಿಚಿದ ಹಾಳೆಯನ್ನು ಬಿಡಿಸಿ ನೋಡಿದೆ. ಮೂರನೆಯ ಕವರಿನ ಕೆಳಗೆ ‘ನಿಸ್ಸಂತತಿ’ ಎಂಬ ಮಾತು ಇರಲಿಲ್ಲ. ಅಲ್ಲಿ ಬೇರೇನನ್ನೂ ಅಚ್ಚು ಮಾಡಿರಲಿಲ್ಲ. ಹೆಂಗಸಿನ ಹೆಸರಿನ ಕೆಳಗೆ ಒಂದು ಬೆರಳಿನಷ್ಟು ಉದ್ದದ ಗೆರೆ ಇಳಿಸಿ ಹಾಗೆಯೇ ಬಿಟ್ಟಿದ್ದರು.